ದೀಪ ಯಾರ ಹತ್ತಿರ ಉಂಟು?

ಆಷಾಢದ ಶನಿವಾರ. ರಾತ್ರಿ ಹನ್ನೊಂದು ದಾಟಿದೆ.

ಸಂಜೆ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಚಾವಡಿಯ ಪಕ್ಕದ ಕೋಣೆಯಲ್ಲಿ ತಂಗಿಯ ಮಗ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತಗ್ಗಿದ ದನಿಯಲ್ಲಿ ಹೇಳುತ್ತಿದ್ದಾನೆ: “ಬಾಗಿಲು ತೆಗೆದ್ರಿ. ಒಳಗೆ ಕತ್ತಲೆ. ಎಲ್ಲಿಯೋ ನೀರು ತೊಟ್ಟಿಕ್ಕುವ ಸದ್ದು ಕೇಳ್ತದೆ.” ಸ್ವಲ್ಪ ಹೊತ್ತು ಮೌನ. ಮತ್ತೆ, “ದೀಪ ಯಾರ ಹತ್ರ ಉಂಟು?” ಎಂದು ಕೇಳಿದ. ಯಾರೂ ಉತ್ತರ ಕೊಟ್ಟ ಹಾಗೆ ಕಾಣಲಿಲ್ಲ.

ನೀರು ಕೊಡುವ ನೆಪದಲ್ಲಿ ಒಳಗೆ ಹೋದೆ. ಆನ್‌ಲೈನ್ ಗೇಮ್ ಎಂದರೆ ಬಂದೂಕು, ಓಟ, ಕೂಗಾಟ ಎಂದೇ ತಿಳಿದಿದ್ದವನು ನಾನು. ಪರದೆಯ ಮೇಲೆ ಅಂಥದ್ದೇನೂ ಇರಲಿಲ್ಲ. ಒಂದಷ್ಟು ಹೆಸರು, ಮಾತಾಡಿದವರ ಹೆಸರಿನ ಪಕ್ಕ ಒಂದು ಹಸಿರು ಉಂಗುರ ಮೂಡುತ್ತದೆ, ಅಷ್ಟೆ. ನಾಲ್ಕು ಹೆಸರು ಬೆಳಗುತ್ತಿದ್ದವು. ಪಟ್ಟಿಯ ಕೆಳಗೆ ಐದನೆಯದು ಮಂಕಾಗಿತ್ತು. ನಾಲ್ಕು ಊರಲ್ಲಿ ಕೂತ ನಾಲ್ವರು ಎಲ್ಲಿಯೂ ಇಲ್ಲದ ಒಂದು ಮನೆಯೊಳಗೆ ನಿಂತು ದೀಪ ಹುಡುಕುತ್ತಿದ್ದಾರೆ. ಮಲಗಿದರೂ ನಿದ್ದೆ ಬರಲಿಲ್ಲ. ಆ ಮನೆಯಲ್ಲಿ ನೀರು ತೊಟ್ಟಿಕ್ಕುವುದು ಎಲ್ಲಿಂದ?

ಭಾನುವಾರ ಬೆಳಿಗ್ಗೆ.

ದೋಸೆ ತಿನ್ನುತ್ತಾ ವಿಚಾರಿಸಿದೆ. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದದ್ದು. ಮೇಜಿನ ಸುತ್ತ ಕೂತು ಆಡುವ ಆಟ, ಈಗ ಇವರು ಇಂಟರ್‌ನೆಟ್ಟಿನ ಮೇಲೆ ಕೂತು ಆಡುತ್ತಾರೆ. ಒಬ್ಬ ಆಟ ನಡೆಸುತ್ತಾನೆ, ಉಳಿದವರಿಗೆ ತಲಾ ಒಂದು ಪಾತ್ರ. ಪಾತ್ರ ಏನು ಹೇಳುತ್ತದೆ, ಏನು ಮಾಡುತ್ತದೆ ಎಂದು ಆಡುವವರೇ ಹೇಳಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ.

“ತಾಳಮದ್ದಳೆಯ ಹಾಗೆ ಅಂತ ತಿಳ್ಕೊಳ್ಳಿ ಮಾವ,” ಅಂದ. ಅವನು ಅಷ್ಟು ಹೇಳಿ ಕೈ ತೊಳೆಯಲು ಎದ್ದುಹೋದ. ನನಗೆ ಆ ಮಾತು ದಿನವಿಡೀ ಬಿಡಲಿಲ್ಲ.

ಅದೇ ದಿನ, ಸಂಜೆ.

ನಮ್ಮ ಕಡೆ ಬೇಸಿಗೆಯ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವೆಲ್ಲ ತಾಳಮದ್ದಳೆಯದೇ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹೇಳುತ್ತಾರೆ. ಪಂಚೆ, ಶಾಲಿನಲ್ಲಿ ಕೂತ ಅರ್ಥಧಾರಿಗಳು ಆ ನಾಲ್ಕು ಸಾಲನ್ನು ಹಿಡಿದು ಗಂಟೆಗಟ್ಟಲೆ ಅರ್ಥ ಹೇಳುತ್ತಾರೆ, ಅದೂ ಬರೆದಿಟ್ಟುಕೊಂಡಲ್ಲ. ಎದುರು ಕೂತವರು ಏನು ಕೇಳುತ್ತಾರೋ ಅದರ ಮೇಲೆ.

ಹುಡುಗನಾಗಿದ್ದಾಗ ದೇವಸ್ಥಾನದ ಚಾವಡಿಯಲ್ಲಿ ಕೇಳಿದ ಒಂದು ವಾಲಿಮೋಕ್ಷ ಇನ್ನೂ ಕಿವಿಯಲ್ಲಿದೆ. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುವುದು ಎಲ್ಲರಿಗೂ ಗೊತ್ತಿರುವ ಪ್ರಶ್ನೆ. ಆ ರಾತ್ರಿಯ ವಾಲಿ ಮಾತ್ರ ದಾರಿ ಬದಲಿಸಿದ. ಈ ಕಾಡಿಗೆ ಬಂದು ಎಷ್ಟು ದಿನವಾಯಿತು? ಅಷ್ಟು ದಿನ ಏನು ತಿಂದೆ? ಯಾವ ಮರದ ಹಣ್ಣು, ಯಾವ ಹೊಳೆಯ ನೀರು? ಆ ಮರ ಕಿಷ್ಕಿಂಧೆಯದು, ಹೊಳೆ ಕಿಷ್ಕಿಂಧೆಯದು. ಹಾಗಾದರೆ ನೀನು ಉಂಡದ್ದು ನನ್ನ ಅನ್ನವಲ್ಲವೇ? ರಾಮನ ಅರ್ಥ ಹೇಳುತ್ತಿದ್ದವರು ಒಂದು ಗಳಿಗೆ ಸುಮ್ಮನಾದದ್ದು, ಆಮೇಲೆ ಕಾಡು ಯಾರದು, ರಾಜ್ಯದ ಗಡಿ ಎಲ್ಲಿ ನಿಲ್ಲುತ್ತದೆ ಎಂದು ನಿಧಾನವಾಗಿ ಕಟ್ಟುತ್ತಾ ಹೋದದ್ದು ನೆನಪಿದೆ. ಪ್ರಸಂಗದ ಪದ್ಯದಲ್ಲಿ ಆ ಹಣ್ಣಿನ ಮರ ಇರಲೇ ಇಲ್ಲ. ಒಬ್ಬರು ಕೇಳಿದರು, ಇನ್ನೊಬ್ಬರು ಉತ್ತರಿಸಬೇಕಾಯಿತು, ಆ ಎರಡರ ನಡುವೆ ಮರ ಹುಟ್ಟಿತು. ಐವತ್ತು ವರ್ಷದ ಮೇಲೂ ನನಗೆ ಕಿಷ್ಕಿಂಧೆ ಎಂದರೆ ಆ ಮರವೇ.

ಆದರೆ ಒಂದು ತೊಡಕು. ವಾಲಿ ಸಾಯಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೂತು ರಾಮನನ್ನು ಮಾತಿನಲ್ಲಿ ಕಟ್ಟಿಹಾಕಿದರೂ ಕೊನೆಗೆ ಪ್ರಸಂಗ ಗೆಲ್ಲುತ್ತದೆ. ಹುಡುಗನ ಆಟದಲ್ಲಿ ಪ್ರಸಂಗವೇ ಇಲ್ಲ. ನಡೆಸುವವನಿಗೂ ಮುಂದೇನು ಎಂದು ಗೊತ್ತಿಲ್ಲ. ಹಾಗಾದರೆ ಅವನೇನು ಭಾಗವತನೋ, ಪ್ರಸಂಗಕರ್ತನೋ, ಅಥವಾ ಬರೀ ಒಬ್ಬ ಕೇಳುಗನೋ?

ಬುಧವಾರ.

ಹುಡುಗ ಒಂದು ದಪ್ಪ ಪುಸ್ತಕ ತಂದು ಮೇಜಿನ ಮೇಲಿಟ್ಟ. ಲೆವಾಯಥನ್ ವೇಕ್ಸ್, 2011ರ ಕಾದಂಬರಿ, ಬರೆದವರು ಜೇಮ್ಸ್ ಎಸ್. ಎ. ಕೋರಿ. “ಇದೂ ಆಟದಿಂದ್ಲೇ ಬಂದದ್ದು ಮಾವ. ಓದಿ ಹೇಳಿ.”

ಆ ಹೆಸರಿನ ಮನುಷ್ಯ ಇಲ್ಲ. ಡೇನಿಯಲ್ ಏಬ್ರಹಾಂ, ಟೈ ಫ್ರಾಂಕ್ ಎಂಬ ಇಬ್ಬರು ಗೆಳೆಯರು ತಮ್ಮ ನಡುಹೆಸರುಗಳಾದ ಜೇಮ್ಸ್ ಮತ್ತು ಕೋರಿಯನ್ನು ಜೋಡಿಸಿ, ನಡುವೆ ಏಬ್ರಹಾಂ ಅವರ ಮಗಳ ಹೆಸರಿನ ಎರಡಕ್ಷರ ಇಟ್ಟು ಮಾಡಿಕೊಂಡ ಹೆಸರು. ಈ ಕಾದಂಬರಿಯ ಲೋಕವನ್ನು ಫ್ರಾಂಕ್ ಮೊದಲು ಯೋಚಿಸಿದ್ದು ಸಾವಿರಾರು ಜನ ಒಟ್ಟಿಗೆ ಆಡುವ ದೊಡ್ಡ ಆನ್‌ಲೈನ್ ಆಟವೊಂದಕ್ಕಾಗಿ. ಅದು ಕೈಗೂಡಲಿಲ್ಲ. ಕೈಗೂಡದ ಆಟದ ಜಗತ್ತನ್ನು ಎಸೆಯಲು ಮನಸ್ಸಾಗದೆ, ಇಂಟರ್‌ನೆಟ್ಟಿನಲ್ಲಿ ಕೆಲವರನ್ನು ಸೇರಿಸಿಕೊಂಡು ಬರೆದಾಡುವ ಆಟವಾಗಿ ನಡೆಸಿದರು. ನಡೆಸುವವರು ಒಂದು ಸನ್ನಿವೇಶ ಬರೆದು ಹಾಕುತ್ತಾರೆ. ಆಡುವವರು ತಮ್ಮ ಪಾತ್ರ ಏನು ಮಾಡಿತು ಎಂದು ಬರೆದು ಉತ್ತರಿಸುತ್ತಾರೆ, ಬಿಡುವಾದಾಗ, ಗಂಟೆ ಬಿಟ್ಟೋ ದಿನ ಬಿಟ್ಟೋ. ಆಮೇಲೆ ಅದೇ ಜಗತ್ತು ನ್ಯೂ ಮೆಕ್ಸಿಕೋದಲ್ಲಿ ಮೇಜಿನ ಸುತ್ತಲ ಆಟವೂ ಆಯಿತು. ಏಬ್ರಹಾಂ ಬಂದು ಸೇರಿದ್ದು ಅಲ್ಲಿ. ಅವರು ಆಗಲೇ ಕಾದಂಬರಿಕಾರ. ಗೆಳೆಯನಲ್ಲಿ ಆ ಜಗತ್ತಿನ ಬಗ್ಗೆ ಎಷ್ಟೊಂದು ವಿವರ ಸಿದ್ಧವಾಗಿದೆ ಎಂದು ಕಂಡು, ಇದನ್ನು ಪುಸ್ತಕ ಮಾಡೋಣ ಎಂದವರು ಅವರೇ.

ಫ್ರಾಂಕ್ ಆಗ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಸಹಾಯಕರಾಗಿದ್ದವರು. ಮಾರ್ಟಿನ್ ಅವರ ಕತೆಯೂ ಹೀಗೇ ಇದೆ: 1983ರ ಹುಟ್ಟುಹಬ್ಬಕ್ಕೆ ಗೆಳೆಯರೊಬ್ಬರು ಸೂಪರ್‌ವರ್ಲ್ಡ್ ಎಂಬ ಆಟ ಕೊಟ್ಟರು, ಅದನ್ನು ಬರಹಗಾರರ ಬಳಗವೇ ಕೂತು ಆಡಿತು, ಅದರಿಂದ 1987ರಲ್ಲಿ ವೈಲ್ಡ್ ಕಾರ್ಡ್ಸ್ ಪುಸ್ತಕಮಾಲೆ ಬಂತು. ಆಡಿದವರೇ ಬರೆದವರು.

ಶುಕ್ರವಾರ. ಕರೆಂಟಿಲ್ಲ. ಚಿಮಣಿಯ ಬೆಳಕಿನಲ್ಲಿ ನೂರು ಪುಟ.

ಮನುಷ್ಯರು ಮಂಗಳದಲ್ಲಿ, ಮಂಗಳದಾಚೆಯ ಕ್ಷುದ್ರಗ್ರಹಗಳಲ್ಲಿ ನೆಲೆಸಿದ ಕಾಲದ ಕತೆ. ನನ್ನನ್ನು ಹಿಡಿದದ್ದು ರಾಕೆಟ್ಟಲ್ಲ, ನೀರು. ಕ್ಷುದ್ರಗ್ರಹಗಳ ಜನರಿಗೆ ನೀರಿಲ್ಲ. ಶನಿಯ ಬಳೆಗಳಿಂದ ಮಂಜುಗಡ್ಡೆ ಹೊತ್ತು ತರುವ ಕ್ಯಾಂಟರ್ಬರಿ ಎಂಬ ಹಳೆಯ ಹಡಗಿನಲ್ಲಿ ನಾಯಕ ಹೋಲ್ಡನ್ ಕೆಲಸಕ್ಕಿದ್ದಾನೆ. ನೀರು ತರುವ ಹಡಗಿಗೆ ಏನಾದರೂ ಆದರೆ ಊರಿಗೆ ಊರೇ ಏಳುತ್ತದೆ. ಕತೆಯ ಬೆಂಕಿ ಹತ್ತುವುದು ಅಲ್ಲಿಂದ.

ಒಬ್ಬನೇ ಕೂತು ಬರೆಯುವವನಿಗೂ ಇದು ಹೊಳೆಯಬಹುದು. ಆದರೂ ನನ್ನ ಲೆಕ್ಕ ಬೇರೆ ಹೇಳುತ್ತದೆ. ಒಬ್ಬನೇ ಬರೆಯುವಾಗ ನಾಯಕ ನಡೆಯುವ ದಾರಿಯ ಎರಡು ಬದಿ ಕಟ್ಟಿದರೆ ಸಾಕು. ಆಟಕ್ಕೆ ಕಟ್ಟುವವನಿಗೆ ಆ ಸೌಕರ್ಯ ಇಲ್ಲ. ಆಡುವವರು ಯಾವ ಬಾಗಿಲು ತಟ್ಟುತ್ತಾರೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಒಬ್ಬ ಅಡುಗೆಮನೆಗೆ ನುಗ್ಗಿ ಇವರು ಏನು ಉಣ್ಣುತ್ತಾರೆ ಎಂದು ಕೇಳುತ್ತಾನೆ, ಇನ್ನೊಬ್ಬ ಬಾಡಿಗೆ ಎಷ್ಟು ಎನ್ನುತ್ತಾನೆ, ಮೂರನೆಯವಳಿಗೆ ನೀರಿನ ಚಿಂತೆ. ಉತ್ತರ ಇಲ್ಲದಿದ್ದರೆ ಲೋಕ ಅಲ್ಲಿಗೇ ಹರಿಯುತ್ತದೆ. ಹುಡುಗನನ್ನು ಕೇಳಿದೆ, ನಿನ್ನ ಆ ಕತ್ತಲೆ ಮನೆಯಲ್ಲಿ ನೀರು ತೊಟ್ಟಿಕ್ಕುವುದು ಎಲ್ಲಿಂದ ಎಂದು. ನಕ್ಕ. “ಅವರೂ ಅದನ್ನೇ ಕೇಳಿದ್ದು. ಈಗ ಮೇಲೆ ಒಂದು ಕೆರೆ ಉಂಟು. ಕಳೆದ ವಾರ ಇರಲಿಲ್ಲ.”

ಇನ್ನೊಂದು. ಈ ಕಾದಂಬರಿಯಲ್ಲಿ ಭೂಮಿ, ಮಂಗಳ, ಕ್ಷುದ್ರಗ್ರಹಗಳು ಎಂದು ಮೂರು ಪಕ್ಷ. ಮೂರರ ಮಾತಿನಲ್ಲೂ ನ್ಯಾಯವಿದೆ. ಸಾವಿರಾರು ಜನ ಆಡಲಿ ಎಂದು ಹೊಸೆದ ಲೋಕದಲ್ಲಿ ಬರೀ ಒದೆ ತಿನ್ನುವುದಕ್ಕಾಗಿ ಒಂದು ಪಕ್ಷ ಇಡಲಾಗುವುದಿಲ್ಲ, ಯಾಕೆಂದರೆ ಅಲ್ಲಿಯೂ ಯಾರೋ ಕೂತು ಆಡಬೇಕಲ್ಲ. ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳಲು ಕೂತವರು ಕೌರವ ಕೆಟ್ಟವನು ಎಂದು ಹೇಳಿ ಎದ್ದುಹೋಗುತ್ತಾರೆಯೇ? ಅವನ ಪಾಲಿನ ನ್ಯಾಯವನ್ನು ಅವನಿಗಾಗಿ ಹುಡುಕುತ್ತಾರೆ. ನನಗೆ ಈ ಆಟದ ಮೇಲೆ ಗೌರವ ಹುಟ್ಟಿದ್ದು ಇಲ್ಲಿ.

ಹೋಲ್ಡನ್‌ನ ಅಧ್ಯಾಯಗಳನ್ನು ಫ್ರಾಂಕ್ ಬರೆದರು, ಪತ್ತೇದಾರ ಮಿಲ್ಲರ್‌ನ ಅಧ್ಯಾಯಗಳನ್ನು ಏಬ್ರಹಾಂ. ಹೋಲ್ಡನ್ ಸತ್ಯವನ್ನು ಎಲ್ಲರಿಗೂ ಸಾರುವವನು, ಮಿಲ್ಲರ್ ಯಾರನ್ನೂ ನಂಬದವನು. ಪುಸ್ತಕವಾದ ಮೇಲೂ ಇಬ್ಬರೂ ಎದುರುಬದುರೇ ಕೂತಿದ್ದಾರೆ.

ಶನಿವಾರ, ಮಧ್ಯಾಹ್ನ.

ಇವತ್ತು ಪುಸ್ತಕ ಕೈಯಿಂದ ಜಾರಿತು. ಶೆಡ್ ಗಾರ್ವಿ ಎಂಬ ಒಬ್ಬ ಹಡಗಿನ ಕಂಪೌಂಡರ್. ಸ್ವಲ್ಪ ಪುಕ್ಕಲ, ಒಳ್ಳೆಯವನು. ನಾಯಕನ ಜೊತೆ ಬದುಕುಳಿದ ಕೆಲವರಲ್ಲಿ ಒಬ್ಬ. ಇವನು ಕೊನೆಯವರೆಗೆ ಇರುತ್ತಾನೆ ಎಂದು ಧೈರ್ಯವಾಗಿದ್ದೆ. ಮಂಗಳದವರ ಯುದ್ಧನೌಕೆಯೊಳಗೆ ಎಲ್ಲರೂ ಕೂತು ಮಾತಾಡುತ್ತಿರುವಾಗ ಹೊರಗಿನ ಕಾಳಗದ ಒಂದು ಗುಂಡು ಗೋಡೆ ತೂರಿ ಬಂದು ಅವನ ತಲೆ ಹಾರಿಸಿಕೊಂಡು ಹೋಗುತ್ತದೆ. ಯಾವ ಮುನ್ಸೂಚನೆಯೂ ಇಲ್ಲ. ಮಾತು ಅರ್ಧದಲ್ಲಿ.

ಹುಡುಗ ಕಾದು ಕೂತಿದ್ದ ಅಂತ ಕಾಣುತ್ತದೆ. “ಶೆಡ್ ಸತ್ನಾ?” ಎಂದು ಬಾಗಿಲಿಂದಲೇ ಕೇಳಿದ. ಆಮೇಲೆ ಕಾರಣ ಹೇಳಿದ. ಆ ಬರೆದಾಡುವ ಆಟದಲ್ಲಿ ಶೆಡ್ ಒಬ್ಬ ಗೆಳೆಯನ ಪಾತ್ರ. ಆ ಗೆಳೆಯ ನಡುವೆಯೇ ಆಟ ಬಿಟ್ಟ. ಪಾತ್ರಕ್ಕೆ ಜೀವ ಕೊಡುವವರಿಲ್ಲ, ಹಾಗಾಗಿ ನಡೆಸುತ್ತಿದ್ದ ಫ್ರಾಂಕ್ ಶೆಡ್‌ನನ್ನು ಕೊಂದರು. ಪುಸ್ತಕಕ್ಕೂ ಅದೇ ಬಂತು. ಪುಸ್ತಕವನ್ನು ಆಧರಿಸಿ 2015ರಲ್ಲಿ ಶುರುವಾದ ದಿ ಎಕ್ಸ್‌ಪಾನ್ಸ್ ಟಿವಿ ಧಾರಾವಾಹಿಗೂ ಅದೇ ಹೋಯಿತು.

ಊಟದ ಮೇಲೂ ಇದನ್ನೇ ಯೋಚಿಸುತ್ತಿದ್ದೇನೆ. ಆ ಗೆಳೆಯ ಯಾಕೆ ಬಿಟ್ಟನೋ. ಕೆಲಸ ಬದಲಾಯಿತೋ, ಮಗು ಹುಟ್ಟಿತೋ, ಬೇಸರ ಬಂತೋ. ಅವನ ಬದುಕಿನ ಒಂದು ಸಣ್ಣ ತಿರುವು ಎಲ್ಲಿಂದೆಲ್ಲಿಗೆ ಹೋಗಿ ಮುಟ್ಟಿತು! ಸಾವು ಹೇಳಿ ಕೇಳಿ ಬರುವುದಿಲ್ಲ, ಕತೆಯ ನ್ಯಾಯ ನೋಡುವುದಿಲ್ಲ ಎಂದು ಓದುಗರಿಗೆ ಅನಿಸುವ ಜಾಗ ಅದು. ಯಾವ ಲೇಖಕನ ಯೋಜನೆಯಿಂದಲೂ ಅದು ಹುಟ್ಟಲಿಲ್ಲ. ಒಬ್ಬ ಬರಲಿಲ್ಲ, ಅದರಿಂದ ಹುಟ್ಟಿತು. ಈ ಪುಸ್ತಕದಿಂದ ಶುರುವಾದ ಕಾದಂಬರಿಮಾಲೆ 2021ರಲ್ಲಿ ಒಂಬತ್ತನೆಯ ಪುಸ್ತಕಕ್ಕೆ ಮುಗಿಯಿತು. ಅಷ್ಟೂ ಪುಟಗಳ ಬುಡದಲ್ಲಿ ಬಾರದೆ ಹೋದ ಒಬ್ಬನ ಖಾಲಿ ಕುರ್ಚಿ ಇದೆ.

ಸೋಮವಾರ.

ಜಪಾನಿನ ರೆಕಾರ್ಡ್ ಆಫ್ ಲೋಡಾಸ್ ವಾರ್ ಬಗ್ಗೆ ಹುಡುಗ ಹೇಳಿದ್ದು. ಗೆಳೆಯರು ಕೂತು ಆಡಿದ ಆಟದ ಮಾತುಕತೆಯನ್ನು ಹಾಗೆಯೇ ಬರೆದು 1986ರಿಂದ ಕಾಂಪ್ಟಿಕ್ ಎಂಬ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಓದುಗರು ಮುಗಿಬಿದ್ದರು. ಆಟ ನಡೆಸುತ್ತಿದ್ದ ರ್ಯೋ ಮಿಜುನೋ ಅದನ್ನೇ ಕಾದಂಬರಿಯಾಗಿ ಬರೆದರು. ಅದರಲ್ಲಿ ಡೀಡ್‌ಲಿಟ್ ಎಂಬ ಯಕ್ಷಿಣಿಯಂಥ ಚೆಲುವೆ ಇದ್ದಾಳೆ, ಜಪಾನಿನ ಹುಡುಗರು ಮನಸೋತ ಪಾತ್ರ. ಆಟದಲ್ಲಿ ಅವಳಾಗಿದ್ದವರು ಹಿರೋಶಿ ಯಮಮೋಟೋ ಎಂಬ ಗಂಡಸು, ಮುಂದೆ ಹೆಸರಾಂತ ವಿಜ್ಞಾನ ಕತೆಗಾರ. ಇದನ್ನು ಹುಡುಗ ಬಹಳ ಸೋಜಿಗದಿಂದ ಹೇಳಿದ. ಗಂಡಸರ ಸ್ತ್ರೀವೇಷ ನೋಡುತ್ತಲೇ ಬೆಳೆದ ನನಗೆ ಇಷ್ಟರಲ್ಲಿ ಇದೊಂದು ಮಾತ್ರ ಸೋಜಿಗವಾಗಲಿಲ್ಲ.

ಅಮೆರಿಕದ ಡ್ರ್ಯಾಗನ್‌ಲ್ಯಾನ್ಸ್ ಕಾದಂಬರಿಗಳಲ್ಲಿ ರೈಸ್ಟ್ಲಿನ್ ಎಂಬ ಮಂತ್ರವಾದಿ ಉಸಿರು ಕಟ್ಟಿದವನ ಹಾಗೆ ಪಿಸುಗುಟ್ಟಿ ಮಾತಾಡುತ್ತಾನೆ. ಅದು ಬರೆದವರು ಕೊಟ್ಟ ದನಿಯಲ್ಲ. ಆಟವನ್ನು ಪರೀಕ್ಷಿಸಿ ನೋಡಲು ಕೂತಾಗ ಆ ಪಾತ್ರ ಸಿಕ್ಕಿದ ಗೆಳೆಯ ಹಾಗೆ ಮಾತಾಡಿದ, ಪಾತ್ರ ಆ ದನಿಯಿಂದಲೇ ಬೆಳೆಯಿತು. ಮೊದಲ ಪುಸ್ತಕ 1984ರದ್ದು. ಕೂತವನ ಗಂಟಲು ಪಾತ್ರಕ್ಕೆ ಅಂಟಿಕೊಳ್ಳುವುದು ನಮಗೂ ಹೊಸತಲ್ಲ. ವಾಲಿಯನ್ನು ನೆನೆದರೆ ನನಗೆ ಕೇಳುವುದು ಆ ಚಾವಡಿಯ ಅರ್ಥಧಾರಿಯ ದನಿಯೇ.

ಬುಧವಾರ. ಮಳೆ ಸ್ವಲ್ಪ ಹೊಳವಾಗಿದೆ.

ಇಂಟರ್‌ನೆಟ್ ಬರುವ ಮೊದಲೂ ಹೀಗೇ ಇತ್ತೇ ಎಂದು ಹುಡುಕಿಕೊಂಡು ಹೋದರೆ ಇಂಗ್ಲೆಂಡಿನ ಹಾವರ್ತ್ ಎಂಬ ಗುಡ್ಡದೂರಿನ ಪಾದ್ರಿಯ ಮನೆ ಸಿಗುತ್ತದೆ. 1826ರ ಜೂನ್‌ನಲ್ಲಿ ಪ್ಯಾಟ್ರಿಕ್ ಬ್ರಾಂಟಿ ಮಗನಿಗೆಂದು ಒಂದು ಡಜನ್ ಮರದ ಸೈನಿಕರನ್ನು ತಂದ. ನಾಲ್ಕು ಮಕ್ಕಳೂ ಒಂದೊಂದನ್ನು ಎತ್ತಿಕೊಂಡು ಹೆಸರಿಟ್ಟರು. ಆ ಸೈನಿಕರಿಂದ ಗ್ಲಾಸ್ ಟೌನ್ ಎಂಬ ಪಟ್ಟಣ, ಆಂಗ್ರಿಯಾ ಎಂಬ ರಾಜ್ಯ ಹುಟ್ಟಿದವು. ಸೈನಿಕರೇ ಓದುವ ಅಳತೆಗೆ ಬೆಂಕಿಪೊಟ್ಟಣದಷ್ಟು ಚಿಕ್ಕ ಪುಸ್ತಕಗಳನ್ನು ಷಾರ್ಲೆಟ್, ಬ್ರಾನ್‌ವೆಲ್ ಕೈಯಲ್ಲೇ ಬರೆದು ಹೊಲಿದರು. ಎಮಿಲಿ, ಆ್ಯನ್ ಸೇರಿ ಗಾಂಡಲ್ ಎಂಬ ಬೇರೆ ದ್ವೀಪವನ್ನೇ ಮಾಡಿಕೊಂಡರು.

1845ರಲ್ಲಿ ಈ ತಂಗಿಯರಿಬ್ಬರು ಯಾರ್ಕ್‌ಗೆ ಒಂದು ಪುಟ್ಟ ಪ್ರಯಾಣ ಹೋದರು. ದಾರಿಯುದ್ದಕ್ಕೂ ತಾವು ಗಾಂಡಲ್‌ನ ಪಾತ್ರಗಳಾಗಿಯೇ ಇದ್ದೆವು ಎಂದು ಎಮಿಲಿ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾಳೆ. ಆಗ ಅವಳಿಗೆ 26 ವರ್ಷ, ಸೈನಿಕರು ಮನೆಗೆ ಬಂದು 19 ವರ್ಷ. ಎರಡು ವರ್ಷದ ಮೇಲೆ ಅವಳ ಕಾದಂಬರಿ ವದರಿಂಗ್ ಹೈಟ್ಸ್ ಪ್ರಕಟವಾಯಿತು. ನಾವು ಎಮಿಲಿಯನ್ನು ಗುಡ್ಡದ ಗಾಳಿಯಲ್ಲಿ ಒಬ್ಬಳೇ ಅಲೆದವಳು ಎಂದು ಓದಿಕೊಂಡು ಬಂದಿದ್ದೇವೆ. ಒಬ್ಬಳೇ ಎಲ್ಲಿದ್ದಳು? ಪಕ್ಕದಲ್ಲಿ ಆ್ಯನ್ ಇದ್ದಳು, ಇನ್ನೊಂದು ಪಾತ್ರವಾಗಿ.

ಗಾಂಡಲ್‌ನ ಕವಿತೆಗಳು ಉಳಿದಿವೆ, ಗದ್ಯದ ಕತೆಗಳು ಕಳೆದುಹೋದವು. ಅಕ್ಕತಂಗಿಯರು ಪರಸ್ಪರ ಆಡಿದ ಮಾತಂತೂ ಗಾಳಿಗೆ ಹೋಯಿತು. ನಮ್ಮ ಚಾವಡಿಯ ಹಣ್ಣಿನ ಮರ ಹೋದ ಹಾಗೆ.

ಬರೆದಾಡುವ ಆನ್‌ಲೈನ್ ಆಟಕ್ಕೆ ನಾನು ಕಂಡ ದೊಡ್ಡ ವ್ಯತ್ಯಾಸ ಇದೇ. ಅಲ್ಲಿ ಆಡಿದ್ದು ತಾನಾಗಿ ಬರಹವಾಗಿ ಉಳಿಯುತ್ತದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್, ಹಲವರು ಒಂದೇ ಲೋಕದೊಳಗೆ ಓಡಾಡುವ ಮಡ್ ಎಂಬ ಆಟ ಕಟ್ಟಿದಾಗ ಅದರಲ್ಲಿ ಒಂದು ಚಿತ್ರವೂ ಇರಲಿಲ್ಲ. ಎಲ್ಲ ಅಕ್ಷರ.

ಗುರುವಾರ, ನಸುಕು.

ನಾರ್ವೆಯ ಒಂದು ಸಾಕ್ಷ್ಯಚಿತ್ರ ನೋಡಿದೆವು, ನಾನೂ ಹುಡುಗನೂ. ಮಾಟ್ಸ್ ಸ್ಟೀನ್ ಎಂಬ ಯುವಕ, ಸ್ನಾಯುಗಳು ದಿನದಿಂದ ದಿನಕ್ಕೆ ಸೋಲುವ ಕಾಯಿಲೆ, 2014ರಲ್ಲಿ 25ನೆಯ ವಯಸ್ಸಿಗೆ ತೀರಿಕೊಂಡ. ಮಗ ಗೆಳೆಯರಿಲ್ಲದೆ, ಪರದೆಯ ಮುಂದೆ ಒಬ್ಬನೇ ಬದುಕಿ ಹೋದ ಎಂದು ತಂದೆತಾಯಿ ಅತ್ತರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದ ಮೇಲೆ ಯಾವ್ಯಾವುದೋ ದೇಶಗಳಿಂದ ಓಲೆಗಳು ಬರತೊಡಗಿದವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದಲ್ಲಿ ಅವನು ಇಬೆಲಿನ್. ಸ್ಟಾರ್‌ಲೈಟ್ ಎಂಬ ಗುಂಪಿನ ಜೊತೆ ವರ್ಷಗಟ್ಟಲೆ ಆಡುತ್ತಾ, ಹರಟುತ್ತಾ, ಜಗಳ ಬಿಡಿಸುತ್ತಾ, ದುಃಖದಲ್ಲಿದ್ದವರಿಗೆ ಕಿವಿಯಾಗುತ್ತಾ ಇದ್ದವನು. ಅವನ ಇಬೆಲಿನ್ ದಿನವೂ ಓಡುತ್ತಿದ್ದ, ಬೆಟ್ಟಗಳ ನಡುವೆ.

ಆಟದಲ್ಲಿ ಬರೆದಾಡಿದ ಮಾತುಗಳೆಲ್ಲ ಉಳಿದಿದ್ದವು, ಸುಮಾರು 42,000 ಪುಟ. ನಿರ್ದೇಶಕ ಬೆಂಜಮಿನ್ ರೀ ಅವುಗಳಿಂದಲೇ ಅವನ ಆಟದೊಳಗಿನ ಬದುಕನ್ನು ಮತ್ತೆ ಕಟ್ಟಿ 2024ರಲ್ಲಿ ತೆರೆಗೆ ತಂದರು. ನೋಡುತ್ತಾ ನನ್ನ ಗಂಟಲು ಕಟ್ಟಿತು. ಕಾದಂಬರಿ ಬರೆಯುತ್ತೇನೆಂದು ಆ ಗುಂಪಿನಲ್ಲಿ ಯಾರೂ ಕೂತಿರಲಿಲ್ಲ. ಒಬ್ಬರ ಮಾತಿಗೆ ಒಬ್ಬರು ಉತ್ತರ ಕೊಟ್ಟರು, ಅಷ್ಟೇ. ಹೀಗೆ ಎಷ್ಟು ಮನೆಗಳ ಪಕ್ಕದ ಕೋಣೆಗಳಲ್ಲಿ ಎಷ್ಟು ಲೋಕಗಳಿವೆಯೋ. ಬಾಗಿಲ ಹೊರಗೆ ನಿಂತು ‘ಸಾಕು, ಮಲಗು’ ಎಂದು ನಾನೂ ಎಷ್ಟೋ ಸಲ ಹೇಳಿದ್ದೇನೆ.

ಶನಿವಾರ ರಾತ್ರಿ.

ಆಟ ಶುರುವಾಗುವ ಮೊದಲು ಕೇಳಿದೆ, ಆ ಮಂಕಾದ ಐದನೆಯ ಹೆಸರು ಯಾರದು ಎಂದು.

ಪಿಯುಸಿಯಿಂದ ಜೊತೆಗಿದ್ದ ಗೆಳತಿಯಂತೆ. ಕೆಲಸ ಸಿಕ್ಕಿ ಹೈದರಾಬಾದಿಗೆ ಹೋಗಿದ್ದಾಳೆ. ರಾತ್ರಿ ಪಾಳಿ. ಮೂರು ತಿಂಗಳಿಂದ ಬಂದಿಲ್ಲ. ಅವರೆಲ್ಲರ ದೀಪ ಇದ್ದದ್ದು ಅವಳ ಪಾತ್ರದ ಚೀಲದಲ್ಲಿ.

“ಶೆಡ್‌ನ ಹಾಗೆ ಮಾಡ್ಬಹುದಿತ್ತಲ್ಲ?” ಎಂದೆ.

“ಇಲ್ಲ ಮಾವ,” ಎಂದವನು ಸ್ವಲ್ಪ ತಡೆದು ಒಂದು ಹಾಳೆ ತೆಗೆದು ಹರಡಿದ. ಅವನೇ ಪೆನ್ಸಿಲಿನಲ್ಲಿ ಬರೆದ ನಕ್ಷೆ. ಕತ್ತಲೆಯ ಮನೆ, ಮೇಲೆ ಹೊಸ ಕೆರೆ, ಕೆರೆಯ ತೂಬು. ಬಲಗಡೆ ತುದಿಯಲ್ಲಿ ಇನ್ನೂ ಹೊಸತಾಗಿ ಒಂದು ಹಳ್ಳಿ, ಹತ್ತು ಮನೆ, ನಡುವೆ ಒಂದು ಗಾಣ. ಅವಳು ದೀಪಕ್ಕೆ ಎಣ್ಣೆ ತರಲು ಅಲ್ಲಿಗೆ ಹೋಗಿದ್ದಾಳೆ. ಆ ಹಳ್ಳಿಗೆ ಇನ್ನೂ ಯಾರೂ ಕಾಲಿಟ್ಟಿಲ್ಲ. ಆದರೆ ಪ್ರತಿ ವಾರ ಉಳಿದ ಮೂವರಲ್ಲಿ ಯಾರಾದರೊಬ್ಬರು ಅಲ್ಲಿನ ಸುದ್ದಿ ಕೇಳುತ್ತಾರೆ. ಗಾಣ ತಿರುಗಿಸುವ ಎತ್ತು ಯಾರದು ಎಂದು ಕೇಳಿದ್ದಕ್ಕೆ ಎತ್ತಿನ ಯಜಮಾನನೊಬ್ಬ ಬಂದ. ಎಳ್ಳು ಎಲ್ಲಿ ಬೆಳೆಯುತ್ತಾರೆ ಎಂದಾಗ ಹಳ್ಳಿಯ ಹಿಂದೆ ಎಳ್ಳಿನ ಗದ್ದೆ ಬಂತು. ಇಡೀ ನಕ್ಷೆಯಲ್ಲಿ ಅಷ್ಟು ಒತ್ತಾಗಿ ಬರೆದ ಜಾಗ ಬೇರೊಂದಿಲ್ಲ.

ಮನೆಯಿಂದ ಹಳ್ಳಿಗೆ ಒಂದು ಗೆರೆ ಎಳೆದಿದ್ದ, ದಾರಿ. ಉಳಿದ ದಾರಿಗಳ ಮೇಲೆಲ್ಲ ಒಂದು ದಿನ, ಎರಡು ದಿನ ಎಂದು ಗುರುತು ಇದೆ. ಇದರ ಮೇಲೆ ಏನೂ ಇಲ್ಲ.

“ಎಷ್ಟು ದೂರ ಇದು?” ಎಂದು ಕೇಳಿದೆ.

“ಬರೀಲಿಲ್ಲ ಮಾವ. ಅವಳ ಪಾಳಿ ಯಾವಾಗ ಬದಲಾಗ್ತದೆ ಅಂತ ಗೊತ್ತಿಲ್ಲಲ್ಲ,” ಎಂದು ಹೆಡ್‌ಫೋನ್ ಏರಿಸಿಕೊಂಡ.